ಗಂಜ್‌ನ ಎತ್ತರ, ನಳದ ಒತ್ತಡ

ವಿಜಯಪುರದಲ್ಲಿ ‘ಗಂಜ್’ ಅಂದರೆ ಯಾರಿಗಾದರೂ ಮೊದಲು ನೆನಪಾಗುವುದು ಕಾಳುಕಡಿ ವ್ಯಾಪಾರದ ಪೇಟೆ. ಅದೇ ಹೆಸರಿನ ಇನ್ನೊಂದು ವಸ್ತು ಈ ಊರಿನಲ್ಲಿದೆ. ಕಲ್ಲು ಗಾರೆಯಲ್ಲಿ ಕಟ್ಟಿದ, ಇಪ್ಪತ್ತೈದರಿಂದ ನಲವತ್ತು ಅಡಿ ಎತ್ತರದ ಗೋಪುರ. ಮೇಲೆ ಗುಮ್ಮಟವಿಲ್ಲ, ಒಳಗೆ ಯಾರ ಸಮಾಧಿಯೂ ಇಲ್ಲ. ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಲು ಬಂದವರು ಇಂಥದೊಂದು ಗೋಪುರದ ಪಕ್ಕದಲ್ಲೇ ಹಾದು ಹೋದರೂ ಕಾವಲಿಗೆ ಕಟ್ಟಿದ ಬುರುಜು ಇರಬೇಕೆಂದುಕೊಂಡು ಮುಂದೆ ಸಾಗುತ್ತಾರೆ. ಅದನ್ನು ಕಟ್ಟಿದ್ದು ಕೊಳವೆಯೊಳಗಿನ ನೀರಿನ ಒತ್ತಡವನ್ನು ಇಳಿಸುವುದಕ್ಕೆ.

ಈ ಗೋಪುರಗಳ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಇತಿಹಾಸದ ಪುಸ್ತಕದಿಂದಲ್ಲ, ಅಡುಗೆಮನೆಯಿಂದ. ನಮ್ಮ ಮುಳವಾಡದ ಕಡೆ, ಬಸವನ ಬಾಗೇವಾಡಿ ಸೀಮೆಯಲ್ಲಿ, ಈಗ ಅನೇಕ ಮನೆಗಳ ಗೋಡೆಗೆ ನೀರು ಶುದ್ಧ ಮಾಡುವ ಮಷೀನು ನೇತುಬಿದ್ದಿದೆ. ಸವಳು ನೀರಿನ ಸೀಮೆ ಇದು. ಮಷೀನು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ತಂದು ಹಚ್ಚಿದ ಕೆಲವು ದಿನಗಳಲ್ಲೇ ಒಂದು ಮಾತು ಶುರುವಾಗುತ್ತದೆ. “ಮಷೀನ್ ಚಾಲೂ ಅದ, ನೀರ ಬರೂದಿಲ್ಲ.” ದುರಸ್ತಿಗೆ ಬಂದ ಹುಡುಗ ಒಂದು ಕೆಂಪು ದೀಪ ತೋರಿಸಿ, “ಪ್ರೆಶರ್ ಇಲ್ರೀ ಅಕ್ಕಾರ, ಟಾಕಿ ಎತ್ತರ ಮಾಡಸ್ರಿ” ಎಂದು ಹೇಳಿ ಹೋಗುತ್ತಾನೆ. ನಾನೂರು ವರ್ಷಗಳ ಹಿಂದೆ ಇದೇ ಜಿಲ್ಲೆಯ ರಾಜಧಾನಿಯಲ್ಲಿ ಒತ್ತಡ ಹೆಚ್ಚಾಗಿ ಕೊಳವೆ ಒಡೆಯುವ ಚಿಂತೆ ಇತ್ತು; ಇಂದು ಒತ್ತಡ ಸಾಲದೆ ಮಷೀನು ನಿಲ್ಲುವ ಚಿಂತೆ. ಈ ಎರಡು ಚಿಂತೆಗಳ ನಡುವೆ ನಮ್ಮ ನೀರಿನ ಇತಿಹಾಸದ ದೊಡ್ಡ ಭಾಗವೊಂದು ಅಡಗಿದೆ.

ಮೊದಲು ಹಳೆಯ ಚಿಂತೆಯನ್ನು ನೋಡೋಣ. ಆದಿಲಶಾಹಿಗಳ ವಿಜಯಪುರ ನದಿ ದಂಡೆಯ ಊರಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ಎರಡೂ ದೂರ. ನಡುವೆ ಹರಿಯುವ ಡೋಣಿ ಭೂಮಿಗೆ ಫಲವತ್ತಾದ ಎರೆಮಣ್ಣು ಕೊಟ್ಟಿತು, ಜೋಳ ಕೊಟ್ಟಿತು. ಅದರ ನೀರು ಮಾತ್ರ ಉಪ್ಪು. ಹೀಗಾಗಿ ಕೋಟೆಯೊಳಗೆ ಬಾವಡಿಗಳನ್ನು ತೋಡಿದರು. 1579ರ ಚಾಂದ ಬಾವಡಿ, 1620ರ ತಾಜ್ ಬಾವಡಿ ಇಂದಿಗೂ ಇವೆ. ಜನ ಹೆಚ್ಚಿದಂತೆ ಬಾವಡಿಗಳೂ ಸಾಲದಾದವು. ಊರಿನ ಪಶ್ಚಿಮಕ್ಕೆ ತೊರವಿ ಇದೆ, ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಅದೇ ತೊರವಿ. ಅಲ್ಲಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಈ ಕೆಲಸದ ಆರಂಭವನ್ನು ಒಂದನೆಯ ಅಲಿ ಆದಿಲಶಾಹನ ಕಾಲಕ್ಕೆ, ಅಂದರೆ 1558ರಿಂದ 1580ರ ನಡುವಿಗೆ, ಹೇಳುವುದು ರೂಢಿ. ಆಮೇಲೆ 1651ರಲ್ಲಿ ಮಹಮ್ಮದ್ ಆದಿಲಶಾಹ ಊರಿನ ದಕ್ಷಿಣಕ್ಕೆ ಬೇಗಂ ತಲಾಬು ಕಟ್ಟಿಸಿದ. 234 ಎಕರೆ ವಿಸ್ತಾರದ ಕೆರೆ ಅದು.

ಕೆರೆಯ ಪಕ್ಕ ನೆಲದಡಿಯ ಕೋಣೆಯೊಂದರಿಂದ ಹೊರಟ ನೀರು ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಊರಿಗೆ ಬರುತ್ತಿತ್ತು. ಒಂದರ ಬಾಯಿಗೆ ಇನ್ನೊಂದನ್ನು ಕೂಡಿಸಿ, ಸುತ್ತ ಕಲ್ಲು ಗಾರೆಯ ಕವಚ ಕಟ್ಟಿ, ಹದಿನೈದರಿಂದ ಐವತ್ತು ಅಡಿ ಆಳದಲ್ಲಿ ಹೂಳಿದ ಕೊಳವೆಗಳು. ಅವುಗಳಲ್ಲಿ ನೀರು ತನ್ನ ಭಾರದಿಂದಲೇ ಸಾಗಬೇಕು. ಮೋಟರಿಲ್ಲ, ಎತ್ತೂ ಇಲ್ಲ. ಕೆರೆಯ ಮಟ್ಟ ಮೇಲೆ, ಊರು ಕೆಳಗೆ, ಅಷ್ಟೇ.

ಮುಚ್ಚಿದ ಕೊಳವೆಯಲ್ಲಿ ನೀರು ಎಷ್ಟು ಕೆಳಗಿಳಿಯುತ್ತದೋ ಕೊಳವೆಯ ಗೋಡೆಯ ಮೇಲೆ ಅಷ್ಟು ಒತ್ತುತ್ತದೆ. ಹತ್ತು ಮೀಟರ್ ಇಳಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ. ಪ್ಲಂಬರುಗಳ ಬಾಯಲ್ಲಿ ಅದು ‘ಒಂದು ಕೇಜಿ ಪ್ರೆಶರ್’. ಕೊಳವೆ ಅಗಲವಿರಲಿ, ಸಣ್ಣದಿರಲಿ, ಸೊಟ್ಟಗಿರಲಿ, ನಿಂತ ನೀರಿನ ಲೆಕ್ಕಕ್ಕೆ ಎತ್ತರವೊಂದೇ ಮುಖ್ಯ. ಸುಟ್ಟ ಮಣ್ಣು ಹೊರಗಿನಿಂದ ಬರುವ ಭಾರವನ್ನು ತಾಳುತ್ತದೆ, ಒಳಗಿನಿಂದ ಹಿಗ್ಗಿಸುವ ಬಲವನ್ನು ತಾಳುವುದಿಲ್ಲ. ಜೋಡಣೆಗಳಂತೂ ಮೊದಲು ಬಿಡುತ್ತವೆ. ಐವತ್ತು ಅಡಿ ಆಳದಲ್ಲಿ ಒಂದು ಕೊಳವೆ ಒಡೆದರೆ ಅದನ್ನು ಹುಡುಕುವುದು, ಅಗೆಯುವುದು, ಮುಚ್ಚುವುದು ಎಂಥ ಕೆಲಸ!

ಆದ್ದರಿಂದ ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್‌ಗಳನ್ನು ಕಟ್ಟಿದರು. ಕೊಳವೆಯ ನೀರು ಗೋಪುರದೊಳಗೆ ಮೇಲೇರುತ್ತದೆ. ಮೇಲೆ ಬಾಯಿ ತೆರೆದ ಜಾಗದಲ್ಲಿ ಗಾಳಿಗೆ ತಾಗುತ್ತದೆ, ಅಲ್ಲಿ ಅದರ ಹಿಂದಿನ ಒತ್ತಡವೆಲ್ಲ ಕಳೆದು ಸೊನ್ನೆಯಾಗುತ್ತದೆ. ಅಲ್ಲಿಂದ ಮತ್ತೆ ಇಳಿದು ಮುಂದಿನ ಕೊಳವೆಗೆ ಹೋಗುವಾಗ ಅದಕ್ಕೆ ಹೊಸ ಲೆಕ್ಕ. ಮುಂದಿನ ದಾರಿಗೆ ಆ ಗೋಪುರದ ನೀರಿನ ಮಟ್ಟವೇ ಮೇಲ್ಮಿತಿ. ಹಿಂದೆ ಕೆರೆ ಎಷ್ಟೇ ತುಂಬಿರಲಿ, ಅದಕ್ಕಿಂತ ಹೆಚ್ಚು ಒತ್ತಡ ಮುಂದೆ ದಾಟುವುದಿಲ್ಲ. ಇಪ್ಪತ್ತೈದು ಅಡಿಯ ಗಂಜ್ ಎಂದರೆ ಅದರ ಬುಡಕ್ಕೆ 7.6 ಮೀಟರಿನ ಒತ್ತಡ, ಮುಕ್ಕಾಲು ಕೇಜಿ. ನಲವತ್ತು ಅಡಿಯದೆಂದರೆ 12.2 ಮೀಟರ್, ಒಂದೂಕಾಲು ಕೇಜಿಯ ಹತ್ತಿರ.

ಗಂಜ್ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಗೋಪುರದೊಳಗೆ ನೀರಿನ ಓಟ ನಿಧಾನವಾದಾಗ ಮಣ್ಣು, ಮರಳು ತಳಕ್ಕೆ ಕೂರುತ್ತಿದ್ದವು. ಮೇಲಿನ ತಿಳಿನೀರು ಮುಂದೆ ಹೋಗುತ್ತಿತ್ತು. ಒಂದೇ ಕಟ್ಟಡದಲ್ಲಿ ಒತ್ತಡದ ನಿಯಂತ್ರಣವೂ ಆಯಿತು, ನೀರಿನ ಶೋಧನೆಯೂ ಆಯಿತು. ಪಾರಸಿಯಲ್ಲಿ ಗಂಜ್ ಎಂದರೆ ಭಂಡಾರ. ಹೆಸರಿಟ್ಟವರಿಗೆ ನೀರಿನ ಬೆಲೆ ಗೊತ್ತಿತ್ತು.

ಈ ಉಪಾಯ ವಿಜಯಪುರದಲ್ಲಷ್ಟೇ ಇತ್ತೆಂದಲ್ಲ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪೊಂಪೇಯಿಯಲ್ಲಿ ಬೀದಿ ಮೂಲೆಗಳಲ್ಲಿ ಸುಮಾರು ಆರು ಮೀಟರ್ ಎತ್ತರದ ಕಂಬಗಳು ಸಿಕ್ಕಿವೆ. ಅವುಗಳ ನೆತ್ತಿಯಲ್ಲಿ ಸೀಸದ ತೊಟ್ಟಿ ಇರುತ್ತಿತ್ತು. ಇಳಿಜಾರಿನ ಊರಿನಲ್ಲಿ ಕೆಳಗಿನ ಓಣಿಗಳ ಒತ್ತಡ ತಗ್ಗಿಸಲು ಮಾಡಿದ ಏರ್ಪಾಟು ಅದು. ಇಸ್ತಾಂಬುಲ್ಲಿನ ಆಟೊಮನ್ ತುರ್ಕರು ಇಂಥ ಗೋಪುರಕ್ಕೆ ‘ಸು ತೆರಾಜಿಸಿ’ ಎನ್ನುತ್ತಿದ್ದರು, ಅಂದರೆ ನೀರಿನ ತಕ್ಕಡಿ. ನಾವು ಕಿರಾಣಿ ಅಂಗಡಿಯಲ್ಲಿ ‘ತರಾಜು’ ಎನ್ನುತ್ತೇವಲ್ಲ, ಅದೇ ಶಬ್ದ. ಆದಿಲಶಾಹಿಗಳ ಮೂಲಪುರುಷ ಯೂಸುಫ್ ತುರ್ಕರ ರಾಜಮನೆತನದವನೆಂದು ಫೆರಿಷ್ತಾ ಬರೆದಿಟ್ಟ ಕಥೆ ನಿಜವೋ ಸುಳ್ಳೋ, ಪಶ್ಚಿಮ ಏಷ್ಯಾದಿಂದ ಕುಶಲಕರ್ಮಿಗಳು, ವಿದ್ವಾಂಸರು ದಖ್ಖನಿಗೆ ಬರುತ್ತಿದ್ದದ್ದು ನಿಜ. ಬೀದರಿನ ನೆಲದಡಿಯ ಕರೇಜ್ ಕಾಲುವೆಯೂ ಆ ಸಂಪರ್ಕವನ್ನೇ ಹೇಳುತ್ತದೆ.

ಕಾಲದ ಲೆಕ್ಕವನ್ನೂ ಗಮನಿಸಬೇಕು. ಇಟಲಿಯಲ್ಲಿ ಟೊರಿಸೆಲ್ಲಿ ಪಾದರಸದ ನಳಿಗೆಯಿಂದ ಗಾಳಿಯ ಒತ್ತಡ ತೋರಿಸಿದ್ದು 1640ರ ದಶಕದಲ್ಲಿ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ದ್ರವಗಳ ಸಮತೋಲದ ಬಗ್ಗೆ ಬರೆದ ಗ್ರಂಥ ಅವನು ತೀರಿಕೊಂಡ ಮರುವರ್ಷ, 1663ರಲ್ಲಿ ಅಚ್ಚಾಯಿತು. ಬೇಗಂ ತಲಾಬಿನ ಕೊಳವೆಗಳು ಇವೆರಡರ ನಡುವಿನವು. ಯುರೋಪಿನಲ್ಲಿ ಒತ್ತಡದ ನಿಯಮ ಕಾಗದದ ಮೇಲೆ ಬರುತ್ತಿದ್ದ ಹೊತ್ತಿಗೆ ವಿಜಯಪುರದ ಗೌಂಡಿಗಳು ಕೈಬಳಕೆಯ ತಿಳಿವಳಿಕೆಯಿಂದ ಅದೇ ನಿಯಮವನ್ನು ಗಾರೆಯಲ್ಲಿ ಕಟ್ಟುತ್ತಿದ್ದರು. ಯಾರು ಮೊದಲು ಎಂಬ ಪಂದ್ಯ ನನಗೆ ಬೇಡ. ಬರೆದಿಡದೇ ಹೋದ ತಿಳಿವಳಿಕೆ ಅದನ್ನು ಬಲ್ಲವರ ಜೊತೆಗೇ ಹೋಗುತ್ತದೆ ಎಂಬುದಷ್ಟೇ ಮುಖ್ಯ.

ಹಾಗೆಯೇ ಆಯಿತು. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ಸೈನ್ಯಕ್ಕೆ ವಿಜಯಪುರ ಶರಣಾಯಿತು. ದರ್ಬಾರು ಹೋದ ಮೇಲೆ ಕೊಳವೆ ನೋಡಿಕೊಳ್ಳುವ ಖರ್ಚು ಯಾರು ಕೊಡಬೇಕು? ಊರು ಬರಿದಾಗುತ್ತ ಹೋಯಿತು. ಬ್ರಿಟಿಷರು 1885ರಲ್ಲಿ ಕಲಾದಗಿಯಿಂದ ಜಿಲ್ಲಾ ಕೇಂದ್ರವನ್ನು ಇಲ್ಲಿಗೆ ತಂದಾಗ ಅವರಿಗೆ ಸಿಕ್ಕದ್ದು ಪಾಳುಬಿದ್ದ ರಾಜಧಾನಿ. ಹೆನ್ರಿ ಕಸಿನ್ಸ್ 1916ರಲ್ಲಿ ಇಲ್ಲಿಯ ಕಟ್ಟಡಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ. ಆ ವೇಳೆಗೆ ಗಂಜ್‌ಗಳು ನೀರಿನ ವ್ಯವಸ್ಥೆಯಾಗಿ ಉಳಿದಿರಲಿಲ್ಲ, ಪ್ರಾಚ್ಯವಸ್ತುಗಳಾಗಿದ್ದವು.

ಆದಿಲಶಾಹಿಗಳ ನೀರು ಎಲ್ಲರಿಗೂ ಸಮವಾಗಿ ಸಿಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ಅರಮನೆ, ತೋಟ, ಕಾರಂಜಿಗಳಿದ್ದ ಊರದು. ಕೋಟೆಯ ಹೊರಗಿನ ಹಳ್ಳಿಗಳಿಗಂತೂ ಕೊಳವೆಯ ಮಾತೇ ಇಲ್ಲ. ಮುಳವಾಡದಂಥ ಊರಿನಲ್ಲಿ ನೀರು ಎಂದರೆ ಬಾವಿ, ಕೆರೆ, ಹಳ್ಳದ ವರತೆ. ಮಾಳಿಗೆ ಮನೆಯ ಹೆಣ್ಣುಮಕ್ಕಳು ತಲೆಯ ಮೇಲೊಂದು, ಬಗಲಿಗೊಂದು ಕೊಡ ಹೊತ್ತು ತರುತ್ತಿದ್ದ ನೀರಿಗೆ ಒತ್ತಡ ಎಂಬುದಿರಲಿಲ್ಲ, ಭಾರ ಮಾತ್ರ ಇತ್ತು. ಸಿಹಿನೀರಿನ ಬಾವಿ ಯಾವುದು, ಬೇಳೆ ಬೇಯುವ ನೀರಿನ ಬಾವಿ ಯಾವುದು ಎಂಬುದು ಅವರಿಗೆ ಬಾಯಿಪಾಠ. ಶೋಧನೆಗೆ ಹಳೆಯ ಸೀರೆಯ ಬಟ್ಟೆ. ಅದರಲ್ಲಿ ಕಸ ನಿಲ್ಲುತ್ತಿತ್ತು, ಸವಳು ನಿಲ್ಲುತ್ತಿರಲಿಲ್ಲ.

ಹಳ್ಳಿಗೆ ಒತ್ತಡ ಬಂದದ್ದು ಕರೆಂಟಿನ ಜೊತೆ. ಕೊಳವೆಬಾವಿ ಕೊರೆದು, ಕಾಲೂರಿ ನಿಂತ ಸಿಮೆಂಟಿನ ದೊಡ್ಡ ಟಾಕಿಗೆ ನೀರೇರಿಸಿ, ಅಲ್ಲಿಂದ ಓಣಿ ಓಣಿಗೆ ನಳ ಕೊಟ್ಟರು. ನೋಡಿದರೆ ಊರ ಟಾಕಿಯೂ ಗಂಜ್‌ನ ನೆಂಟನೇ. ಗಂಜ್ ಒತ್ತಡವನ್ನು ಇಳಿಸುತ್ತಿತ್ತು, ಟಾಕಿ ಅದನ್ನು ಹುಟ್ಟಿಸುತ್ತದೆ. ಎರಡರಲ್ಲೂ ಕೆಲಸ ಮಾಡುವುದು ತೆರೆದ ನೀರಿನ ಮಟ್ಟ ಮತ್ತು ಅದರ ಎತ್ತರ.

ಇನ್ನು ನಮ್ಮ ಊರಿನ ಹೆಸರು ರಾಜ್ಯಕ್ಕೆಲ್ಲ ಗೊತ್ತಾದದ್ದು ಇನ್ನೂ ದೊಡ್ಡ ಒತ್ತಡದಿಂದ, ಮುಳವಾಡ ಏತ ನೀರಾವರಿಯಿಂದ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ರಂದು. ನಡುವೆ ನಲವತ್ತೆರಡು ವರ್ಷ. ಜಲಾಶಯದ ಪೂರ್ಣ ಮಟ್ಟ ಸಮುದ್ರದಿಂದ 519.6 ಮೀಟರ್; ವಿಜಯಪುರ ನಗರ ಇರುವುದು ಆರುನೂರು ಮೀಟರಿನ ಆಸುಪಾಸಿನಲ್ಲಿ. ಕೃಷ್ಣೆ ನಮ್ಮ ಕಾಲ ಬುಡದಲ್ಲೇ ಹರಿದರೂ ಹೊಲ, ಮನೆಗಳು ಅದಕ್ಕಿಂತ ಮೇಲಿವೆ. ಅದಕ್ಕೇ ಬಳೂತಿಯ ಜಾಕ್‌ವೆಲ್ಲಿನಿಂದ ನೀರನ್ನು ಎತ್ತಿ ಕಾಲುವೆಗೆ ಹಾಕುತ್ತಾರೆ. ಒಂದು ಸಾವಿರ ಲೀಟರ್ ನೀರನ್ನು ಎಪ್ಪತ್ತು ಮೀಟರ್ ಮೇಲೆತ್ತಲು, ಯಾವ ನಷ್ಟವೂ ಇಲ್ಲವೆಂದುಕೊಂಡರೂ, ಸುಮಾರು 0.19 ಯೂನಿಟ್ ವಿದ್ಯುತ್ ಬೇಕು. ಪಂಪು, ಪೈಪುಗಳ ನಷ್ಟ ಸೇರಿದರೆ ಇನ್ನೂ ಹೆಚ್ಚು. ವಿಜಯಪುರ ನಗರ ಕುಡಿಯುವ ನೀರನ್ನು ಕೊಲ್ಹಾರದಿಂದ ತರಿಸಿಕೊಳ್ಳುವುದೂ ಹೀಗೆ ಎತ್ತಿಯೇ. ಆದಿಲಶಾಹಿಗಳ ನೀರು ಇಳಿದು ಬರುತ್ತಿತ್ತು; ನಮ್ಮದು ಏರಿ ಬರುತ್ತದೆ. ಹೀಗೆ ಏರಿ ಬಂದ ನೀರಿನ ಒಂದೊಂದು ಕೊಡಕ್ಕೂ ಊರಿನವರೆಲ್ಲರ ದುಡ್ಡು ಸೇರಿದೆ.

ಈ ಲೆಕ್ಕ ಇಟ್ಟುಕೊಂಡು ಅಡುಗೆಮನೆಯ ಮಷೀನಿಗೆ ಬರೋಣ. ಅದರ ಕಥೆಯೂ ಹಳೆಯದೇ. 1748ರಲ್ಲಿ ಫ್ರಾನ್ಸಿನ ಪಾದ್ರಿ ನೊಲ್ಲೆ ಹಂದಿಯ ಮೂತ್ರಕೋಶದ ಚರ್ಮವನ್ನು ಪರದೆಯಾಗಿ ಕಟ್ಟಿ, ದ್ರವ ಅದರ ಮೂಲಕ ತಾನಾಗಿಯೇ ಒಂದು ಕಡೆಗೆ ಸಾಗುವುದನ್ನು ಕಂಡ. ಅದೇ ಆಸ್ಮೋಸಿಸ್: ಉಪ್ಪು ಕಡಿಮೆ ಇರುವ ಕಡೆಯಿಂದ ಉಪ್ಪು ಹೆಚ್ಚಿರುವ ಕಡೆಗೆ ನೀರು ಎಳೆಯಲ್ಪಡುವುದು. ಇದನ್ನು ಉಲ್ಟಾ ಮಾಡಬೇಕಾದರೆ ಉಪ್ಪುನೀರನ್ನು ಆ ಎಳೆತಕ್ಕಿಂತ ಜೋರಾಗಿ ಒತ್ತಬೇಕು. ಹಾಗೆ ಒತ್ತಿದರೂ ಸಾಕಷ್ಟು ನೀರು ಬಿಡುವ ಪರದೆಯನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಯೆಬ್ ಮತ್ತು ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್ 1950ರ ದಶಕದ ಕೊನೆಯಲ್ಲಿ ತಯಾರಿಸಿದರು. 1965ರಲ್ಲಿ ಅಲ್ಲಿನ ಕೋಲಿಂಗಾ ಎಂಬ ಸವಳು ನೀರಿನ ಊರಿಗೆ ಇದರ ಮೊದಲ ಸ್ಥಾವರ ಬಂತು. ಅದಕ್ಕೂ ಮೊದಲು ಆ ಊರಿಗೆ ಕುಡಿಯುವ ನೀರು ರೈಲಿನಲ್ಲಿ ಬರುತ್ತಿತ್ತು. ರಿವರ್ಸ್ ಆಸ್ಮೋಸಿಸ್, ಅಂದರೆ ಆರ್‌ಓ, ಮೊದಲು ಬಂದದ್ದು ಊರಿಗಾಗಿ, ಮನೆಗಾಗಿ ಅಲ್ಲ ಎಂಬುದನ್ನು ನೆನಪಿಡಬೇಕು.

ಉಪ್ಪಿನ ಎಳೆತ ಎಷ್ಟು? ಲೀಟರಿಗೆ 2000 ಮಿಲಿಗ್ರಾಂ ಲವಣ ಕರಗಿದ ನೀರಿನಲ್ಲಿ, ಉಪ್ಪಿನ ಜಾತಿ ನೋಡಿಕೊಂಡು, ಒಂದೂವರೆ ಕೇಜಿಯ ಆಸುಪಾಸು. 2012ರ ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣ 500 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಅಂದರೆ ನಲವತ್ತಡಿಯ ಗಂಜ್‌ನ ಪೂರ್ತಿ ಒತ್ತಡ, ಆ ಒಂದೂಕಾಲು ಕೇಜಿ, ಮಾನಕದ ಕೊನೆಯ ಮಿತಿಯ ಸವಳು ನೀರನ್ನು ಪರದೆಯಾಚೆ ದಾಟಿಸಲಾರದು. ಅದಕ್ಕೇ ಮಷೀನಿನೊಳಗೆ ಒಂದು ಸಣ್ಣ ಬೂಸ್ಟರ್ ಪಂಪು ಇರುತ್ತದೆ. ಅದು ಒತ್ತಡವನ್ನು ನಾಲ್ಕೈದು ಕೇಜಿಗೆ ಏರಿಸುತ್ತದೆ. ಗಂಜ್ ಲೆಕ್ಕದಲ್ಲಿ ಹೇಳುವುದಾದರೆ, ಮಿಕ್ಸರಿಗಿಂತ ಚಿಕ್ಕದಾದ ಆ ಡಬ್ಬಿ ನೂರೈವತ್ತು ಅಡಿ ಗೋಪುರದ ಕೆಲಸ ಮಾಡುತ್ತದೆ.

ಆದರೆ ಪಂಪು ಕೆಲಸ ಮಾಡಬೇಕಾದರೆ ಅದರ ಬಾಯಿಗೆ ನೀರು ಬರಬೇಕು. ಇಲ್ಲಿ ಮಾರುವ ಮನೆ ಮಷೀನುಗಳು ಸಾಮಾನ್ಯವಾಗಿ ಒಳಬರುವ ನೀರಿಗೆ ಕನಿಷ್ಠ 0.3 ಕೇಜಿ ಒತ್ತಡ ಕೇಳುತ್ತವೆ. ಅದಕ್ಕಿಂತ ಇಳಿದರೆ ಒಳಗಿನ ಸ್ವಿಚ್ಚು ಪಂಪನ್ನು ನಿಲ್ಲಿಸುತ್ತದೆ, ಒಣಗಿ ಓಡಿ ಸುಡದಿರಲೆಂದು. ಈಗ ನಮ್ಮ ಕಡೆಯ ಒಂದಂತಸ್ತಿನ ಮನೆಯನ್ನು ನೆನೆಯಿರಿ. ಹತ್ತು ಹನ್ನೊಂದು ಅಡಿಗೆ ಛತ್ತು, ಅದರ ಮೇಲೆ ಮೂರಡಿಯ ಕಟ್ಟೆ, ಕಟ್ಟೆಯ ಮೇಲೆ ಪ್ಲಾಸ್ಟಿಕ್ ಟಾಕಿ. ಅಡುಗೆಮನೆಯಲ್ಲಿ ಮಷೀನಿಗೆ ನೀರು ಸಿಗುವ ಜಾಗ ನೆಲದಿಂದ ನಾಲ್ಕಡಿ ಮೇಲೆ. ಕಳೆದರೆ ಉಳಿಯುವುದು ಹತ್ತಡಿ. ಹತ್ತಡಿಯೆಂದರೆ ಸರಿಯಾಗಿ 0.3 ಕೇಜಿ. ಮಷೀನು ಇರುವುದೇ ಗಡಿಯ ಮೇಲೆ! ಟಾಕಿ ಅರ್ಧ ಖಾಲಿಯಾದರೆ, ಬಚ್ಚಲದಲ್ಲಿ ಯಾರೋ ನಳ ತಿರುವಿದರೆ, ಕೆಂಪು ದೀಪ.

ಇದನ್ನು ಅಳೆಯುವುದು ಕಷ್ಟವಲ್ಲ. ಪೇಟೆಯಲ್ಲಿ ಪ್ರೆಶರ್ ಗೇಜು ಸಿಗುತ್ತದೆ; ಅದನ್ನು ನಳಕ್ಕೆ ತಿರುಪಿ ಮನೆಯ ಬೇರೆ ನಳಗಳನ್ನೆಲ್ಲ ಮುಚ್ಚಿ ನೋಡಿದರೆ ನಿಂತ ನೀರಿನ ಒತ್ತಡ ತಿಳಿಯುತ್ತದೆ. ಗೇಜು ಇಲ್ಲದಿದ್ದರೆ ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಸಾಕು. ಅದರ ಒಂದು ತುದಿಯನ್ನು ನಳಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಹಿಡಿದು ಮೆಟ್ಟಿಲು ಹತ್ತಬೇಕು. ಪೈಪಿನಲ್ಲಿ ನೀರು ಎಲ್ಲಿಗೆ ನಿಲ್ಲುತ್ತದೋ ನಳದಿಂದ ಅಲ್ಲಿಗೆ ಇರುವ ಎತ್ತರವೇ ಒತ್ತಡ, ಅಡಿಗೆ 0.03 ಕೇಜಿಯಂತೆ ಗುಣಿಸಿದರೆ ಆಯಿತು. ಕೈಯಲ್ಲಿ ಹಿಡಿದದ್ದು ಒಂದು ಪುಟ್ಟ ಗಂಜ್.

ಎರಡನೆಯ ಅಳತೆ ಹರಿಯುವಾಗಿನದು. ಗೇಜು ಇದ್ದ ಹಾಗೇ ಇನ್ನೊಂದು ನಳ ತೆರೆಯಬೇಕು. ಮುಳ್ಳು ಸ್ವಲ್ಪ ಇಳಿದರೆ ಸಹಜ. ಒಮ್ಮೆಲೇ ತಳಕ್ಕೆ ಬಿದ್ದರೆ ಎತ್ತರದ ಕೊರತೆಯಲ್ಲ, ದಾರಿಯ ಕೊರತೆ. ನಮ್ಮ ಗಡಸು ನೀರು ಹಳೆಯ ಕಬ್ಬಿಣದ ಪೈಪಿನೊಳಗೆ ಸುಣ್ಣದ ಪದರ ಕಟ್ಟುತ್ತ ಹೋಗುತ್ತದೆ. ಅರ್ಧ ಇಂಚಿನ ಪೈಪು ಪೆನ್ಸಿಲ್ಲಿನಷ್ಟಾಗುತ್ತದೆ. ಅಂಥ ಮನೆಯಲ್ಲಿ ಟಾಕಿ ಎತ್ತರಿಸಿ ಖರ್ಚು ಮಾಡುವ ಬದಲು ಟಾಕಿಯಿಂದ ಅಡುಗೆಮನೆಗೆ ಮುಕ್ಕಾಲು ಇಂಚಿನ ಬೇರೆ ಪೈಪು ಎಳೆದರೆ ಸಾಕು. ಮಷೀನಿನ ಮುಂದಿನ ಕೆಸರು ತಡೆಯುವ ಫಿಲ್ಟರು ಕಟ್ಟಿಕೊಂಡಿದ್ದರೂ ಲಕ್ಷಣ ಇದೇ. ಮೊದಲು ಅದನ್ನು ಬಿಚ್ಚಿ ನೋಡಬೇಕು. ಎರಡೂ ಸರಿ ಇದ್ದು ನಿಂತ ಒತ್ತಡವೇ ಕಡಿಮೆ ಇದ್ದರೆ ಆಗ ಕಟ್ಟೆಯನ್ನು ಎತ್ತರಿಸಬೇಕು. ಮೂರೂವರೆ ಅಡಿ ಏರಿಸಿದರೆ 0.1 ಕೇಜಿ ಹೆಚ್ಚುತ್ತದೆ. ತುಂಬಿದ ಸಾವಿರ ಲೀಟರ್ ಟಾಕಿ ಒಂದು ಟನ್ ತೂಗುತ್ತದೆಂಬುದನ್ನು ಮರೆಯದೆ, ಗೋಡೆಯ ನೆತ್ತಿಗೆ ಸರಿಯಾಗಿ ಕಟ್ಟೆ ಕಟ್ಟಬೇಕು.

ಒತ್ತಡ ಹೆಚ್ಚಾದರೂ ಅಪಾಯ. ನಾಲ್ಕಂತಸ್ತಿನ ಅಪಾರ್ಟ್‌ಮೆಂಟಿನ ಕೆಳಮನೆ, ಪ್ರೆಶರ್ ಪಂಪು ಕೂಡಿಸಿದ ಹೊಸ ಬಂಗಲೆ, ಇಂಥಲ್ಲಿ ಒಳಬರುವ ಒತ್ತಡ ಎರಡು ಕೇಜಿ ದಾಟಿದರೆ ಮಷೀನಿನ ಪ್ಲಾಸ್ಟಿಕ್ ಬಟ್ಟಲು ಬಿರಿಯುತ್ತದೆ, ಸಣ್ಣ ಪೈಪು ಕಳಚಿ ಅಡುಗೆಮನೆ ಕೆರೆಯಾಗುತ್ತದೆ. ಅದಕ್ಕೆ ಮಷೀನಿನ ಮುಂದೆ ಒತ್ತಡ ತಗ್ಗಿಸುವ ವಾಲ್ವು ಹಾಕುತ್ತಾರೆ. ಒಳಗೊಂದು ಸ್ಪ್ರಿಂಗು, ಒಂದು ತೆಳು ಪರದೆ. ಹಿಂದಿನ ಒತ್ತಡ ಏರಿದಷ್ಟೂ ದಾರಿ ಕಿರಿದಾಗುತ್ತದೆ. ನಲವತ್ತಡಿ ಕಲ್ಲು ಗಾರೆಯ ಗೋಪುರ ಈಗ ಅಂಗೈಯಗಲದ ಹಿತ್ತಾಳೆಯಾಗಿದೆ.

ಇಲ್ಲಿಯವರೆಗಿನದು ಒಂದು ಮನೆಯ ಲೆಕ್ಕ. ನಿಜವಾದ ತೊಡಕು ಮನೆಯ ಹೊರಗಿದೆ. ನಮ್ಮ ಊರುಗಳಲ್ಲಿ ನಳಕ್ಕೆ ದಿನವಿಡೀ ನೀರಿಲ್ಲ. ದಿನ ಬಿಟ್ಟು ದಿನವೋ, ಬೇಸಿಗೆಯಲ್ಲಿ ವಾರಕ್ಕೊಮ್ಮೆಯೋ ನೀರು ಬಿಡುತ್ತಾರೆ. ಎಲ್ಲರೂ ಒಟ್ಟಿಗೇ ಹಿಡಿಯುವುದರಿಂದ ಓಣಿಯ ತುದಿಮನೆಗೆ ನೀರು ಮೆಲ್ಲಗೆ ಬರುತ್ತದೆ. ಆಗ ಯಾರೋ ಒಬ್ಬರು ನಳಕ್ಕೆ ನೇರವಾಗಿ ಮೋಟರು ಹಚ್ಚುತ್ತಾರೆ. ಅವರ ಮನೆಗೆ ಒತ್ತಡ ಬಂತು. ಎಲ್ಲಿಂದ ಬಂತು? ಪಕ್ಕದ ಮನೆಯ ಪಾಲಿನಿಂದ. ಮರುವಾರ ಪಕ್ಕದವರೂ ಮೋಟರು ಹಚ್ಚುತ್ತಾರೆ. ಕೊನೆಗೆ ಓಣಿಯಲ್ಲಿ ಮೋಟರು ಕೊಳ್ಳಲಾರದ ಒಂದೆರಡು ಮನೆಗಳು ಉಳಿಯುತ್ತವೆ. ಅವರ ನಳದಲ್ಲಿ ಬರೇ ಗಾಳಿಯ ಸದ್ದು.

ಆಗ ಇನ್ನೊಂದು ಅನಾಹುತವೂ ಆಗುತ್ತದೆ. ಕೊಳವೆಯೊಳಗೆ ಒತ್ತಡ ಇರುವ ತನಕ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಮೋಟರು ಎಳೆದು ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಇಳಿದರೆ ಅದೇ ಬಿರುಕು ಒಳಕ್ಕೆ ಹೀರುತ್ತದೆ. ನಮ್ಮ ಓಣಿಗಳಲ್ಲಿ ನೀರಿನ ಪೈಪು ಗಟಾರದ ಪಕ್ಕದಲ್ಲೇ, ಎಷ್ಟೋ ಕಡೆ ಗಟಾರದೊಳಗೇ ಹಾದು ಹೋಗಿರುತ್ತದೆ. ಹೀರಿದ್ದು ಏನೆಂದು ಬೇರೆ ಹೇಳಬೇಕಿಲ್ಲ. ವಾಂತಿಭೇದಿಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಪೈಪು ಒಡೆದದ್ದನ್ನು ಬರೆಯುತ್ತಾರೆ. ಪೈಪಿನಲ್ಲಿ ಒತ್ತಡ ಇರಲಿಲ್ಲ ಎಂಬುದನ್ನು ಬರೆಯುವುದು ಕಡಿಮೆ. ಒಂದು ಮನೆ ತನ್ನ ಶುದ್ಧ ನೀರಿನ ಮಷೀನಿಗಾಗಿ ನಳದಿಂದ ಎಳೆದ ಒತ್ತಡ, ಮಷೀನಿಲ್ಲದ ಮನೆಯ ನೀರನ್ನು ಕೆಡಿಸಬಲ್ಲದು. ನೇರ ಮೋಟರಿಗೆ ನಿಷೇಧವಿರುವುದು ನೀರಿನ ಪಾಲಿಗಾಗಿ ಮಾತ್ರವಲ್ಲ, ಇದಕ್ಕಾಗಿಯೂ. ಎತ್ತಬೇಕಿದ್ದರೆ ನಳದ ನೀರನ್ನು ಮೊದಲು ನೆಲದ ಹೌದಿಗೆ ತಾನಾಗಿ ಬೀಳಲು ಬಿಟ್ಟು, ಹೌದಿನಿಂದ ಮೋಟರು ಹಚ್ಚಿ ಟಾಕಿಗೆ ಏರಿಸಬೇಕು. ತೆರೆದ ಹೌದು ನಡುವೆ ಇದ್ದಾಗ ಮೋಟರಿನ ಎಳೆತ ಓಣಿಯ ಕೊಳವೆಗೆ ತಾಗುವುದಿಲ್ಲ. ಗಂಜ್‌ನ ನೆತ್ತಿಯಲ್ಲಿ ನೀರು ಗಾಳಿಗೆ ತೆರೆದುಕೊಂಡು ಮಾಡುತ್ತಿದ್ದ ಕೆಲಸವೇ ಇದು.

ಮಷೀನಿನ ಇನ್ನೊಂದು ಬಾಯಿಯಿಂದ ಹೋಗುವ ನೀರಿನ ಮಾತೂ ಇದೆ. ಸಾಮಾನ್ಯ ಮನೆ ಮಷೀನು ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಪರದೆಯ ಮೇಲಿನ ಒತ್ತಡ ಇಳಿದರೆ ಈ ಲೆಕ್ಕ ಇನ್ನೂ ಕೆಡುತ್ತದೆ: ಶುದ್ಧ ನೀರು ಕಡಿಮೆಯಾಗುತ್ತದೆ, ಅದರಲ್ಲಿ ಉಪ್ಪಿನ ಪಾಲು ಹೆಚ್ಚುತ್ತದೆ, ಬಿಸಾಡುವ ನೀರಿನ ಪಾಲೂ ಹೆಚ್ಚುತ್ತದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಲವಣ 500 ಮಿಲಿಗ್ರಾಮಿಗಿಂತ ಕಡಿಮೆ ಇರುವ ನೀರಿಗೆ ಆರ್‌ಓ ಬೇಡವೆಂದೂ, ಬೇಕಾದ ಕಡೆ ನೂರಕ್ಕೆ ಅರವತ್ತರಷ್ಟಾದರೂ ಶುದ್ಧ ನೀರು ದಕ್ಕಬೇಕೆಂದೂ ಹೇಳಿತು. ಬಳೂತಿಯಿಂದ, ಕೊಲ್ಹಾರದಿಂದ ಊರಿನ ದುಡ್ಡಿನಲ್ಲಿ ಎತ್ತಿ ತಂದ ಕೃಷ್ಣೆಯ ನೀರನ್ನು ಮುಕ್ಕಾಲು ಪಾಲು ಗಟಾರಕ್ಕೆ ಬಿಡುವುದು ಬರದ ಜಿಲ್ಲೆಗೆ ಒಪ್ಪುವ ಮಾತಲ್ಲ. ಕೊಳವೆಬಾವಿಯ ಸವಳು ನೀರಿನ ಮನೆಗೆ ಆರ್‌ಓ ಬೇಕು, ನಿಜ. ಹೊಳೆಯ ಸಿಹಿನೀರು ಬರುವ ಮನೆಗೆ ಮೊದಲು ಬೇಕಾದದ್ದು ನೀರು ಪರೀಕ್ಷೆ. ಮಷೀನು ಕೊಳ್ಳುವುದು ಆಮೇಲಿನ ಮಾತು.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಪ್ರತಿ ಹಳ್ಳಿಮನೆಗೆ ನಳ, ತಲೆಗೆ ದಿನಕ್ಕೆ 55 ಲೀಟರ್ ನೀರು ಎಂದಿತು. ಓಣಿಗಳಲ್ಲಿ ನೀಲಿ ಪೈಪುಗಳೂ, ಮನೆ ಮುಂದೆ ನಳಗಳೂ ಬಂದವು. ನಳ ಎಷ್ಟಾದವೆಂಬ ಲೆಕ್ಕ ಫಲಕದ ಮೇಲಿರುತ್ತದೆ. ಒತ್ತಡದ ಲೆಕ್ಕವನ್ನು ಯಾರೂ ಫಲಕದ ಮೇಲೆ ಬರೆಯುವುದಿಲ್ಲ. ಹಾಗೆಂದು ಅದಕ್ಕೆ ಅಳತೆಗೋಲು ಇಲ್ಲದಿಲ್ಲ. ನಗರ ನೀರು ಸರಬರಾಜಿಗೆ ಕೇಂದ್ರ ಸರ್ಕಾರದ 1999ರ ಕೈಪಿಡಿಯಲ್ಲಿ ಅದು ಇತ್ತು: ಒಂದಂತಸ್ತಿನ ಮನೆಗಳಿರುವಲ್ಲಿ ಕೊಳವೆಯಲ್ಲಿ ಕನಿಷ್ಠ 7 ಮೀಟರ್ ಒತ್ತಡ ಉಳಿದಿರಬೇಕು, ಎರಡಂತಸ್ತಿಗೆ 12 ಮೀಟರ್, ಮೂರಂತಸ್ತಿಗೆ 17.

ಮೊದಲ ಎರಡು ಅಂಕಿ ಓದಿದಾಗ ನನಗೆ ವಿಜಯಪುರದ ಗೋಪುರಗಳು ನೆನಪಾದವು. ಇಪ್ಪತ್ತೈದು ಅಡಿ, 7.6 ಮೀಟರ್. ನಲವತ್ತು ಅಡಿ, 12.2 ಮೀಟರ್. ಆದಿಲಶಾಹಿ ಗೌಂಡಿಗಳಿಗೆ ಅದು ದಾಟಬಾರದ ಮೇಲಿನ ಗೆರೆ, ನಮ್ಮ ಎಂಜಿನಿಯರುಗಳಿಗೆ ಇಳಿಯಬಾರದ ಕೆಳಗಿನ ಗೆರೆ. ಇದು ಕಾಕತಾಳೀಯವೇ ಇರಬಹುದು. ಆದರೂ ಎರಡು ಕಾಲದವರೂ ಒಂದು ವಿಷಯದಲ್ಲಿ ಒಪ್ಪುತ್ತಾರೆ: ಒತ್ತಡವನ್ನು ಊರೇ ಕಾಯಬೇಕು, ಬೀದಿಯಲ್ಲೇ ಅಳೆಯಬೇಕು. ಅದನ್ನು ಒಂದೊಂದು ಮನೆಯ ಜೇಬಿಗೆ ಬಿಟ್ಟಾಗ ಉಳ್ಳವರು ಕೊಳ್ಳುತ್ತಾರೆ, ಇಲ್ಲದವರು ಕಳೆದುಕೊಳ್ಳುತ್ತಾರೆ. ಗೋಡೆಯ ಮೇಲಿನ ಮಷೀನಿನ ಕೆಂಪು ದೀಪ ಆ ಮನೆಯ ಟಾಕಿಯ ಬಗ್ಗೆ ಮಾತ್ರ ಹೇಳುತ್ತದೆ. ಓಣಿಯ ಬಗ್ಗೆ ತಿಳಿಯಬೇಕಾದರೆ ಗ್ರಾಮಸಭೆಯಲ್ಲಿ ಎದ್ದು ಒಂದು ಪ್ರಶ್ನೆ ಕೇಳಬೇಕು: ನೀರು ಬಿಟ್ಟ ದಿನ, ಎಲ್ಲರೂ ಹಿಡಿಯುವ ಹೊತ್ತಿನಲ್ಲಿ, ಓಣಿಯ ಕೊನೆಯ ಮನೆಯ ನಳದಲ್ಲಿ ಎಷ್ಟು ಮೀಟರ್ ಇದೆ? ಒಂದು ಗೇಜು, ಒಂದು ವಹಿ, ವಾರಕ್ಕೊಮ್ಮೆ ಬರೆದಿಡುವ ಒಬ್ಬ ನೀರಗಂಟಿ ಇದ್ದರೆ ಉತ್ತರ ಸಿಗುತ್ತದೆ. ಆ ಅಂಕಿ ಏಳಕ್ಕಿಂತ ಕಡಿಮೆ ಇದ್ದರೆ ಎತ್ತರಿಸಬೇಕಾದದ್ದು ಊರ ಟಾಕಿಯನ್ನು.